ಊರು ಬಿಟ್ಟು ಬಾರದ ಬಿಯರ್

ಪ್ರವಾಸವನ್ನು ಯೋಜಿಸುವವರು ಸಾಮಾನ್ಯವಾಗಿ ಮೊದಲು ಭೂಪಟವನ್ನು ಬಿಡಿಸುತ್ತಾರೆ. ನೋಡತಕ್ಕ ಊರುಗಳಿಗೆ ಗುರುತು ಹಾಕಿ, ಗುರುತುಗಳ ನಡುವೆ ಗೆರೆಯೆಳೆದು, ಗೆರೆಗಳ ಉದ್ದವನ್ನು ಕೂಡಿ, ದಿನವೊಂದಕ್ಕೆ ಇಷ್ಟು ಕಿಲೋಮೀಟರು ಎಂದು ಭಾಗಿಸಿ, ಬಂದ ಫಲವನ್ನೇ ಯೋಜನೆಯೆಂದು ಕರೆಯುತ್ತಾರೆ. ಬೆಟ್ಟವನ್ನೋ ಜಲಪಾತವನ್ನೋ ಕಾಣಹೊರಟವರಿಗೆ ಈ ಕ್ರಮ ಸಲ್ಲುವುದುಂಟು. ಏಕೆಂದರೆ ಜಲಪಾತಕ್ಕೆ ವಾರದ ರಜೆಯಿಲ್ಲ, ಬೆಟ್ಟಕ್ಕೆ ಒಲೆ ಆರಿಸುವ ಹೊತ್ತೂ ಇಲ್ಲ. ಆದರೆ ಊರೂರಿನಲ್ಲಿ ಸಣ್ಣ ಪ್ರಮಾಣದಲ್ಲಿ ತಯಾರಾಗುವ ಬಿಯರನ್ನೂ, ಅದರ ಜೊತೆಯಲ್ಲಿ ಆ ಊರಿನವರೇ ಉಣ್ಣುವ ಊಟವನ್ನೂ ಅರಸಿ ಕಾರಿನಲ್ಲಿ ಹೊರಡುವವರಿಗೆ ಭೂಪಟವು ಕಟ್ಟಕಡೆಗೆ ತೆರೆಯಬೇಕಾದ ಕಾಗದ. ಅವರು ಮೊದಲು ನೋಡಬೇಕಾದದ್ದು ಪಂಚಾಂಗ. ಅನಂತರ ವಾರದ ದಿನಗಳು. ಅನಂತರ ರಾತ್ರಿ ತಲೆಯಿಡುವ ಜಾಗ. ಈ ಮೂರೂ ಸರಿಹೊಂದಿದ ಮೇಲೆ ರಸ್ತೆಯು ತಾನಾಗಿ ತೋರುತ್ತದೆ. ಕುಡಿತವನ್ನು ಹೊಗಳುವುದಾಗಲಿ, ಕುಡಿಯದವರನ್ನು ಆ ಕಡೆಗೆ ಸೆಳೆಯುವುದಾಗಲಿ ಈ ಬರಹದ ಉದ್ದೇಶವಲ್ಲ. ಕುಡಿಯುವವರು ಹೇಗೂ ಹೊರಡುತ್ತಾರೆ; ವಿವೇಕದಿಂದ ಹೊರಟರೆ ಅವರಿಗೂ ದಾರಿಯಲ್ಲಿ ಎದುರಾಗುವವರಿಗೂ ಕ್ಷೇಮ.

ಇಂಥ ಪ್ರವಾಸಕ್ಕೆ ಜರ್ಮನಿಯ ಬವೇರಿಯಾ ರಾಜ್ಯದ ಉತ್ತರಭಾಗವಾದ ಫ್ರಾಂಕೋನಿಯಾಕ್ಕಿಂತ ಉತ್ತಮವಾದ ನಿದರ್ಶನವನ್ನು ನಾನರಿಯೆ. ಬವೇರಿಯಾ ಎಂದೊಡನೆ ನಮಗೆ ನೆನಪಾಗುವುದು ಮ್ಯೂನಿಕ್ ನಗರ, ಅಲ್ಲಿಯ ಅಕ್ಟೋಬರ್ ಉತ್ಸವದ ಮಹಾಡೇರೆಗಳು, ಜಗತ್ತಿನ ಎಲ್ಲ ವಿಮಾನನಿಲ್ದಾಣಗಳಲ್ಲಿಯೂ ಮಾರಾಟವಾಗುವ ದೊಡ್ಡ ಹೆಸರಿನ ಬಾಟಲಿಗಳು. ಉತ್ತರದ ಸಂಗತಿ ಬೇರೆ. ಅಲ್ಲಿಯ ಮೇಲಣ ಫ್ರಾಂಕೋನಿಯಾ ಜಿಲ್ಲೆಯ ಜನಸಂಖ್ಯೆ ಹತ್ತು ಲಕ್ಷಕ್ಕೆ ತುಸು ಮೇಲೆ. ಅಷ್ಟು ಮಂದಿಗೆ ನೂರೈವತ್ತಕ್ಕೂ ಹೆಚ್ಚು ಬ್ರೂವರಿಗಳು. ಇವುಗಳಲ್ಲಿ ಬಹುಪಾಲು ಒಂದೇ ಕುಟುಂಬದ ಸೊತ್ತು. ಮುಂಭಾಗದಲ್ಲಿ ಊಟದ ಮನೆ, ಹಿಂಭಾಗದಲ್ಲಿ ಬಿಯರ್ ಕಾಯಿಸುವ ತಾಮ್ರದ ಹಂಡೆ, ಮಹಡಿಯ ಮೇಲೆ ಬಾಡಿಗೆಗೆ ನಾಲ್ಕಾರು ಕೋಣೆಗಳು, ಕೆಲವೆಡೆ ಪಕ್ಕದಲ್ಲಿಯೇ ಮಾಂಸದಂಗಡಿ: ಈ ಏರ್ಪಾಡು ತಲೆಮಾರುಗಳಿಂದ ನಡೆದುಬಂದಿದೆ. ಅಮೆರಿಕದಲ್ಲಿ ಕಳೆದ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿ ಈಗ ನಮ್ಮ ಬೆಂಗಳೂರಿನ ಇಂದಿರಾನಗರದವರೆಗೂ ಬಂದಿರುವ ಕ್ರಾಫ್ಟ್ ಬಿಯರಿನ ಚಳವಳಿ ಯಾವುದನ್ನು ಹೊಸದಾಗಿ ಕಟ್ಟಹೊರಟಿತೋ ಅದು ಇಲ್ಲಿ ಅಳಿಯದೆಯೇ ಉಳಿದಿತ್ತು.

ಹಾಗೆ ಉಳಿದುದಕ್ಕೆ ಚರಿತ್ರೆಯ ಕಾರಣವೂ ಉಂಟು, ವಸ್ತುವಿನ ಗುಣದ ಕಾರಣವೂ ಉಂಟು. ಈ ಸೀಮೆಯ ಕೇಂದ್ರವಾದ ಬಾಂಬೆರ್ಗ್ ನಗರವು 1803ರ ಸುಮಾರಿನಲ್ಲಿ ಬವೇರಿಯಾಕ್ಕೆ ಸೇರುವ ತನಕ ಧರ್ಮಾಧಿಕಾರವನ್ನೂ ರಾಜ್ಯಾಧಿಕಾರವನ್ನೂ ಒಟ್ಟಿಗೆ ಧರಿಸಿದ ಬಿಷಪ್ಪನೊಬ್ಬನ ಆಳ್ವಿಕೆಯಲ್ಲಿದ್ದಿತು. ಬಿಯರಿಗೆ ಜವೆಗೋಧಿ, ಹಾಪ್ಸ್, ನೀರು ಇವನ್ನಲ್ಲದೆ ಬೇರೇನನ್ನೂ ಬಳಸಕೂಡದೆಂದು ಬವೇರಿಯಾದ ದೊರೆಗಳು 1516ರಲ್ಲಿ ಹೊರಡಿಸಿದ ಶುದ್ಧತೆಯ ಕಟ್ಟಳೆಯನ್ನು ಜಗತ್ತು ಕೇಳಿದೆ. ಆದರೆ ಬಾಂಬೆರ್ಗಿನ ಬಿಷಪ್ಪನು ಅದೇ ಮಾತನ್ನು 1489ರಲ್ಲಿಯೇ ವಿಧಿಸಿದ್ದನೆಂದು ಅಲ್ಲಿಯವರು ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ರಾಜ್ಯ ಚಿಕ್ಕದಾಗಿ, ಪಟ್ಟಣಗಳು ಚಿಕ್ಕವಾಗಿ, ಊರಿನ ಗೃಹಸ್ಥರಿಗೆ ಬಿಯರ್ ಕಾಯಿಸುವ ಹಕ್ಕು ಹಲವೆಡೆ ಮನೆಯೊಡನೆಯೇ ಸಂಕ್ರಮಿಸುತ್ತಿದ್ದುದರಿಂದ, ಒಬ್ಬನೇ ಬೆಳೆದು ಉಳಿದವರನ್ನೆಲ್ಲ ನುಂಗುವ ಪರಿಸ್ಥಿತಿ ಬಹುಕಾಲ ಒದಗಲಿಲ್ಲ.

ವಸ್ತುವಿನ ಗುಣವನ್ನು ಕುರಿತು ತುಸು ವಿಸ್ತಾರವಾಗಿಯೇ ಹೇಳಬೇಕು. ಪ್ರವಾಸದ ಅರ್ಥವೆಲ್ಲ ಅದರಲ್ಲಿ ಅಡಗಿದೆ. ಬಿಯರ್ ಹುದುಗುವಾಗ ಹುಟ್ಟುವ ಇಂಗಾಲದ ಅನಿಲವನ್ನು ಪೀಪಾಯಿಯ ಬಾಯಿ ಬಿಗಿದು ಒಳಗೇ ಕಟ್ಟಿಹಾಕಿದರೆ, ಪೇಯಕ್ಕೆ ನೊರೆಯೂ ಚುರುಕೂ ಬರುತ್ತವೆ; ತರುವಾಯ ಅದನ್ನು ಶೋಧಿಸಿ, ಕಾಯಿಸಿ, ಬಾಟಲಿಯಲ್ಲಿ ತುಂಬಿದರೆ ಸಾಗರವನ್ನೂ ದಾಟೀತು. ಫ್ರಾಂಕೋನಿಯಾದ ಹಳ್ಳಿಗಳ ಕೆಲ್ಲರ್, ಎಂದರೆ ನೆಲಮಾಳಿಗೆಯ, ಬಿಯರಿನ ಸ್ವಭಾವ ಇದಕ್ಕೆ ವಿರುದ್ಧವಾದುದು. ಪೀಪಾಯಿಯ ಬಾಯನ್ನು ಬಿಗಿಯದೆ ಅನಿಲವು ಮೆಲ್ಲಗೆ ಹೊರಹೋಗಲು ಬಿಡುತ್ತಾರೆ. ಶೋಧಿಸುವುದಿಲ್ಲವಾದ್ದರಿಂದ ಯೀಸ್ಟಿನ ಕಣಗಳು ತೇಲಿ ಬಣ್ಣ ತುಸು ಮಬ್ಬಾಗಿರುತ್ತದೆ. ಬಾಯಿಗೆ ಮೃದು, ಹೊಟ್ಟೆಗೆ ಹಗುರ. ಆದರೆ ಇಂಥ ಬಿಯರು ಶಾಖವನ್ನಾಗಲಿ ಕುಲುಕಾಟವನ್ನಾಗಲಿ ಕಾಲವಿಳಂಬವನ್ನಾಗಲಿ ಸಹಿಸದು. ಆದುದರಿಂದ ಎಷ್ಟೋ ಬ್ರೂವರಿಗಳ ಬಿಯರು ಅವುಗಳ ಸುತ್ತಣ ಹತ್ತಾರು ಹಳ್ಳಿಗಳನ್ನು ಮೀರಿ ಎಲ್ಲಿಯೂ ಸಿಕ್ಕುವುದಿಲ್ಲ. ಬಿಯರು ನಮ್ಮ ಬಳಿಗೆ ಬಾರದು. ನಾವೇ ಅದರ ಬಳಿಗೆ ಹೋಗಬೇಕು. ಹೋಗುವುದಕ್ಕೆ ಇದಕ್ಕಿಂತ ನ್ಯಾಯವಾದ ಕಾರಣ ಬೇರೆ ಬೇಕಿಲ್ಲ.

ಬೇಸಗೆಯ ಸೆಕೆಯಲ್ಲಿ ಹುದುಗು ಕೆಡುವುದು ಹಿಂದಿನವರಿಗೆ ತಿಳಿದ ಸಂಗತಿ. ಬವೇರಿಯಾದಲ್ಲಿ 1553ರ ಆಜ್ಞೆಯೊಂದು ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ಕಾಯಿಸುವುದನ್ನೇ ನಿಷೇಧಿಸಿತು. ನೆರೆಯ ಸೀಮೆಗಳಲ್ಲಿಯೂ ಋತುವು ಅದೇ ಪಾಠವನ್ನು ಕಲಿಸಿತು. ಚಳಿಗಾಲದ ಕೊನೆಯಲ್ಲಿ ಕಾಯಿಸಿದ್ದು ಬೇಸಗೆಯುದ್ದಕ್ಕೂ ಉಳಿಯಬೇಕಾಗಿದ್ದುದರಿಂದ ಗುಡ್ಡಗಳ ಮರಳುಗಲ್ಲನ್ನು ಕೊರೆದು ನೆಲಮಾಳಿಗೆಗಳನ್ನು ಮಾಡಿದರು. ಅವುಗಳ ಮೇಲಣ ನೆಲ ಕಾಯದಿರಲೆಂದು ಅಗಲವಾದ ಎಲೆಯ ಚೆಸ್ಟ್‌ನಟ್ ಮರಗಳನ್ನು ನೆಟ್ಟರು. ನೆರಳಿದ್ದಲ್ಲಿ ಬೆಂಚುಗಳು ಬಂದವು. ಬೆಂಚುಗಳಿದ್ದಲ್ಲಿ ಊರಿನವರು ಬುತ್ತಿ ಕಟ್ಟಿಕೊಂಡು ಬಂದು ಕುಳಿತರು. ಕಾರ್ಲ್ ಫಾನ್ ಲಿಂಡೆ ಎಂಬ ಎಂಜಿನಿಯರನ ಶೈತ್ಯಯಂತ್ರವು 1870ರ ದಶಕದಲ್ಲಿ ಬಂದ ತರುವಾಯ ನೆಲಮಾಳಿಗೆಗಳ ಅಗತ್ಯ ಕ್ರಮೇಣ ತಪ್ಪಿತಾದರೂ ಮರಗಳೂ ಬೆಂಚುಗಳೂ ಹಾಗೆಯೇ ಉಳಿದವು. ಇಂದಿಗೂ ಇಂಥ ಎಷ್ಟೋ ತೋಪುಗಳಲ್ಲಿ ಬಿಯರನ್ನು ಅಲ್ಲಿಯೇ ಕೊಂಡರೆ ಸಾಕು, ತಿಂಡಿಯನ್ನು ಮನೆಯಿಂದ ತಂದು ಮೇಜಿನ ಮೇಲೆ ಹರಡಿಕೊಳ್ಳುವುದಕ್ಕೆ ಯಾರ ಆಕ್ಷೇಪಣೆಯೂ ಇಲ್ಲ. ಮಕ್ಕಳು ಮರಳಿನಲ್ಲಿ ಆಡುತ್ತಿರುತ್ತಾರೆ, ಅಜ್ಜಿಯರು ಮೂಲಂಗಿ ಹೆಚ್ಚುತ್ತಿರುತ್ತಾರೆ. ನಮ್ಮಲ್ಲಿ ಮದ್ಯದಂಗಡಿ ಎಂದರೆ ಮನಸ್ಸಿಗೆ ಬರುವ ಮಬ್ಬುಗತ್ತಲೆಗೂ ಈ ದೃಶ್ಯಕ್ಕೂ ಯಾವ ಸಂಬಂಧವೂ ಇಲ್ಲ.

ಪ್ರವಾಸವನ್ನು ಬಾಂಬೆರ್ಗಿನಿಂದ ಆರಂಭಿಸುವುದು ಯುಕ್ತ. ರೆಗ್ನಿಟ್ಸ್ ನದಿಯ ಕವಲುಗಳ ನಡುವೆಯೂ ಏಳು ಗುಡ್ಡಗಳ ಮೇಲೆಯೂ ಹರಡಿರುವ ಈ ಹಳೆಯ ನಗರವನ್ನು 1993ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿಗೆ ಬಂದವರೆಲ್ಲರೂ ಒಮ್ಮೆಯಾದರೂ ಪರೀಕ್ಷಿಸುವುದು ಹೊಗೆಯ ಬಿಯರನ್ನು. ಮೊಳಕೆ ಬರಿಸಿದ ಜವೆಗೋಧಿಯನ್ನು, ಎಂದರೆ ಮಾಲ್ಟನ್ನು, ಒಣಗಿಸದೆ ಬಿಯರಿಲ್ಲ. ಹಿಂದಿನ ಕಾಲದಲ್ಲಿ ಒಣಗಿಸುತ್ತಿದ್ದುದು ಸೌದೆಯ ಬೆಂಕಿಯ ಮೇಲೆ. ಆದುದರಿಂದ ಹೊಗೆಯ ವಾಸನೆ ಆಗ ಬಹುತೇಕ ಎಲ್ಲ ಬಿಯರುಗಳಿಗೂ ಸಾಮಾನ್ಯವಾಗಿದ್ದಿತು. ಹೊಗೆ ಸೋಂಕದಂತೆ ಬಿಸಿಗಾಳಿಯಿಂದಲೇ ಒಣಗಿಸುವ ಗೂಡುಗಳು ಬಂದ ಮೇಲೆ ಜಗತ್ತು ಹಳೆಯ ವಾಸನೆಯನ್ನು ತೊಡೆದುಹಾಕಿತು. ಬಾಂಬೆರ್ಗಿನ ಎರಡು ಮನೆಗಳು ಮಾತ್ರ ಹಟಬಿಡದೆ ಬೀಚ್ ಮರದ ಸೌದೆಯ ಮೇಲೆ ತಮ್ಮ ಮಾಲ್ಟನ್ನು ತಾವೇ ಒಣಗಿಸುತ್ತ ಬಂದವು: 1405ರಷ್ಟು ಹಿಂದೆಯೇ ದಾಖಲೆಗಳಲ್ಲಿ ಕಾಣಿಸಿಕೊಳ್ಳುವ ಷ್ಲೆಂಕೆರ್ಲಾ ಒಂದು, 1536ರಿಂದ ನಡೆದಿರುವ ಷ್ಪೆಟ್ಸಿಯಾಲ್ ಇನ್ನೊಂದು.

ಷ್ಲೆಂಕೆರ್ಲಾದ ತಗ್ಗು ಚಾವಣಿಯ, ಕಪ್ಪು ತೊಲೆಗಳ ಕೋಣೆಯಲ್ಲಿ ಮರದ ಪೀಪಾಯಿಯಿಂದ ನೇರವಾಗಿ ಲೋಟಕ್ಕಿಳಿಯುವ ಬಿಯರು ಕಡುಗಂದು ಬಣ್ಣದ್ದು. ನೊರೆ ಕೆನೆಯಂತೆ ದಪ್ಪ. ಲೋಟವು ಮೂಗಿನ ಹತ್ತಿರ ಬಂದೊಡನೆ, ಮಲೆನಾಡಿನ ಅಡುಗೆಮನೆಯ ಅಟ್ಟದ ಮೇಲೆ ಮಳೆಗಾಲವೆಲ್ಲ ಹೊಗೆ ಕುಡಿದ ಸರಕನ್ನು ಕೆಳಗಿಳಿಸಿದಾಗ ಬರುವಂಥ ಘಾಟು. ಮೊದಲ ಗುಟುಕಿಗೆ ಮುಖ ಸಿಂಡರಿಸದವರು ವಿರಳ. ಆದರೆ ನಾಲಗೆ ಹೊಗೆಗೆ ಒಗ್ಗಿದಂತೆ ಅದರ ಹಿಂದೆ ಅವಿತಿದ್ದ ಮಾಲ್ಟಿನ ಸಿಹಿಯೂ ಹಾಪ್ಸಿನ ಕಹಿಯೂ ಒಂದೊಂದಾಗಿ ಮುಂದೆ ಬರುತ್ತವೆ. ಅಲ್ಲಿಯ ಅಡುಗೆಯ ಹಂಚಿಕೆಯೂ ಇದನ್ನು ಬಲ್ಲುದು. ಮಾಂಸವನ್ನು ತುಂಬಿ ಬೇಯಿಸಿದ ದೊಡ್ಡ ಈರುಳ್ಳಿಯ ಮೇಲೆ ಅದೇ ಬಿಯರಿನಿಂದ ಮಾಡಿದ ಸಾರನ್ನು ಸುರಿದು ಕೊಡುತ್ತಾರೆ; ತಟ್ಟೆಯ ಸಿಹಿ ಈರುಳ್ಳಿಯು ಲೋಟದ ಹೊಗೆಯನ್ನು ಹದಕ್ಕೆ ತರುತ್ತದೆ. ಷ್ಪೆಟ್ಸಿಯಾಲಿನ ಹೊಗೆ ಇದಕ್ಕಿಂತ ಸೌಮ್ಯ. ಆದುದರಿಂದ ಹೊಸಬರು ಅಲ್ಲಿ ಮೊದಲು ಕುಳಿತು, ಆಮೇಲೆ ಷ್ಲೆಂಕೆರ್ಲಾಕ್ಕೆ ಹೋಗುವುದು ಲೇಸು. ಎರಡರ ನಡುವಣ ದೂರವನ್ನು ನದಿ ದಾಟಿ ನಡೆದೇ ಮುಗಿಸಬಹುದು.

ಕುಡಿಯದ ಸಂಗಾತಿಗೂ, ಊಟ ಊಟಗಳ ನಡುವಣ ಅವಧಿಗೂ ಬಾಂಬೆರ್ಗಿನಲ್ಲಿ ಕೊರತೆಯಿಲ್ಲ. ಚಕ್ರವರ್ತಿ ಎರಡನೆಯ ಹೆನ್ರಿಯು ಕಟ್ಟಿಸಿ 1012ರಲ್ಲಿ ಪ್ರತಿಷ್ಠೆ ಮಾಡಿಸಿದ ಮಹಾಮಂದಿರದ ಸ್ಥಾನದಲ್ಲಿ ಈಗಿರುವ ನಾಲ್ಕು ಗೋಪುರಗಳ ಕ್ಯಾಥೆಡ್ರಲ್, ಅದರೊಳಗೆ ಶಿಲ್ಪಿ ರೀಮೆನ್‌ಷ್ನೈಡರನು ಕೆತ್ತಿದ ಹೆನ್ರಿ ರಾಜದಂಪತಿಗಳ ಸಮಾಧಿ, ಸಂತ ಮೈಕೇಲನ ಬೆಟ್ಟದ ಹಳೆಯ ಮಠದ ನೆಲಮಾಳಿಗೆಗಳಲ್ಲಿ ಏರ್ಪಟ್ಟಿರುವ ಫ್ರಾಂಕೋನಿಯಾದ ಬ್ರೂವರಿ ಸಂಗ್ರಹಾಲಯ, ಇವುಗಳಲ್ಲದೆ ನಗರದ ನಡುವೆಯೇ ಇಂದಿಗೂ ತರಕಾರಿ ಬೆಳೆಯುವ ತೋಟಗಾರರ ಕೇರಿಯೊಂದುಂಟು. ಬೆರಳಿನಷ್ಟು ಸಪೂರವಾಗಿ ಕೊಂಬಿನಂತೆ ಬಾಗಿದ ಅಲ್ಲಿಯ ಆಲೂಗಡ್ಡೆಯ ಪಲ್ಯವನ್ನು ಬಿಯರ್ ಮನೆಗಳಲ್ಲಿ ಕಾಣಬಹುದು. ತತ್ತ್ವಜ್ಞಾನಿ ಹೆಗೆಲನು 1807ರಲ್ಲಿ ತನ್ನ ಮಹಾಗ್ರಂಥ ಅಚ್ಚಾದ ವರ್ಷವೇ ಹೊಟ್ಟೆಪಾಡಿಗಾಗಿ ಈ ಊರಿನ ಪತ್ರಿಕೆಯ ಸಂಪಾದಕನಾಗಿ ಸೇರಿ ಮರುವರ್ಷದವರೆಗೆ ದುಡಿದನೆಂಬುದನ್ನು ಪತ್ರಿಕೆಗೆ ಬರೆಯುವವರು ನೆನೆಯದೆ ಮುಂದೆ ಹೋಗಲಾರರು.

ಇನ್ನು ಪಂಚಾಂಗದ ವಿಚಾರ. ಫ್ರಾಂಕೋನಿಯಾದ ಅಡುಗೆಮನೆಯು ತಿಂಗಳುಗಳಿಗೆ ಕಟ್ಟುಬಿದ್ದದ್ದು. ಏಪ್ರಿಲ್ ನಡುವಿನಿಂದ ಜೂನ್ 24ರ ಸಂತ ಯೋಹಾನನ ಹಬ್ಬದವರೆಗೆ ಬಿಳಿಯ ಆಸ್ಪರಾಗಸ್ಸಿನ ಕಾಲ. ಆ ದಿನ ಕಳೆಯಿತೆಂದರೆ ಕೊಯ್ಲು ನಿಲ್ಲುತ್ತದೆ, ಮುಂದಿನ ವರ್ಷದ ಬೆಳೆಗಾಗಿ ಗಿಡವನ್ನು ಬೆಳೆಯಲು ಬಿಡುತ್ತಾರೆ. ಬೇಸಗೆಯ ನಡುವೆ ಪ್ರೆಟ್ಸ್‌ಫೆಲ್ಡಿನ ಸುತ್ತಣ ಗುಡ್ಡಗಳಲ್ಲಿ ಚೆರಿಹಣ್ಣು. ಜುಲೈ ಕೊನೆಯಲ್ಲಿ ಫೋರ್ಖ್‌ಹೈಮ್ ಪಟ್ಟಣದ ಮೇಲಣ ಕಾಡಿನಲ್ಲಿ, ಹತ್ತಿಪ್ಪತ್ತು ನೆಲಮಾಳಿಗೆಗಳು ಸಾಲಾಗಿರುವ ಇಳಿಜಾರಿನಲ್ಲಿ, 1840ರಿಂದ ನಡೆದುಬಂದಿರುವ ಸಂತ ಆನ್ನಾಳ ಜಾತ್ರೆ. ಸೆಪ್ಟೆಂಬರಿನಿಂದ ಏಪ್ರಿಲಿನವರೆಗೆ ಕೊಳದ ಮೀನು. ಅಕ್ಟೋಬರ್ ನವೆಂಬರುಗಳಲ್ಲಿ ಬಾಕ್ ಎಂಬ ಗಟ್ಟಿ ಬಿಯರಿನ ಪೀಪಾಯಿಗಳನ್ನು ಒಂದೊಂದು ಬ್ರೂವರಿಯೂ ಒಂದೊಂದು ಸಂಜೆ ಒಡೆಯುತ್ತದೆ. ಮರಗಳಡಿಯ ಬೆಂಚುಗಳು ಬೇಸಗೆಗೆ ಸಲ್ಲುವುವು, ಅದೂ ಆಕಾಶ ಶುಭ್ರವಾಗಿದ್ದರೆ ಮಾತ್ರ. ಹೀಗಿರುವಲ್ಲಿ ಎಲ್ಲವನ್ನೂ ಒಂದೇ ಪ್ರವಾಸದಲ್ಲಿ ಕಂಡೇ ತೀರುವೆನೆಂಬುದು ಆಗದ ಮಾತು. ಮೀನಿಗಾಗಿಯೋ ಮರದ ನೆರಳಿಗಾಗಿಯೋ ಎಂಬುದನ್ನು ಮೊದಲು ನಿಶ್ಚಯಿಸಬೇಕು. ಎರಡೂ ಬೇಕೆಂಬವರಿಗೆ ಸೆಪ್ಟೆಂಬರ್ ತಿಂಗಳೊಂದೇ ತಕ್ಕಮಟ್ಟಿಗೆ ದಾರಿ.

ಆ ಮೀನಿನ ಸೀಮೆ ಬಾಂಬೆರ್ಗಿಗೆ ನೈಋತ್ಯದಲ್ಲಿ, ಐಷ್ ಎಂಬ ಕಿರುನದಿಯ ಬಯಲಿನಲ್ಲಿ, ಹೋಖ್‌ಷ್ಟಾಟ್ ಪಟ್ಟಣದ ಸುತ್ತ ಇದೆ. ಕಾರಿನಲ್ಲಿ ಅರ್ಧ ಗಂಟೆ. ಶುಕ್ರವಾರಗಳಂದೂ ಈಸ್ಟರಿನ ಮುಂಚಿನ ಉಪವಾಸದ ವಾರಗಳಲ್ಲಿಯೂ ಮಾಂಸ ವರ್ಜ್ಯವಾಗಿದ್ದುದರಿಂದ ಮಧ್ಯಯುಗದ ಮಠಗಳವರು ಇಲ್ಲಿ ಕೊಳಗಳನ್ನು ತೋಡಿಸಿದರು. ಅಂಥವು ಈಗಲೂ ಸಾವಿರಗಟ್ಟಲೆ ಉಂಟು. ನಮ್ಮ ಮೀನುಗಾರಿಕೆ ಇಲಾಖೆಯವರು ಕೆರೆಗಳಿಗೆ ಬಿಡುವ ಸಾಮಾನ್ಯ ಗೆಂಡೆಯೂ ಇದೂ ಒಂದೇ ಜಾತಿ. ಇಲ್ಲಿಯದು ಬೆನ್ನು ಎತ್ತರಿಸಿದ, ಮೈಮೇಲೆ ಪೊರೆ ವಿರಳವಾದ ತಳಿ. ಮೂರು ಬೇಸಗೆ ಬೆಳೆದ ಮೀನನ್ನು ಕೊಳದಿಂದ ಎತ್ತಿ, ಕೆಸರಿನ ವಾಸನೆ ಹೋಗುವಂತೆ ಕೆಲವು ದಿನ ತಿಳಿನೀರಿನಲ್ಲಿರಿಸಿ, ತಲೆಯಿಂದ ಬಾಲದವರೆಗೆ ಉದ್ದಕ್ಕೆ ಸೀಳಿ, ಹಿಟ್ಟು ಸವರಿ ಕುದಿಯುವ ಕೊಬ್ಬಿನಲ್ಲಿ ಬಿಡುತ್ತಾರೆ. ಸೀಳಿದ ಮೀನು ಬಿಸಿಗೆ ಬಾಗಿ ಗರಿಗರಿಯಾಗಿ ತಟ್ಟೆಯನ್ನು ಮೀರಿ ನಿಲ್ಲುತ್ತದೆ. ರೆಕ್ಕೆಗಳನ್ನು ಹಪ್ಪಳದಂತೆ ಮುರಿದು ತಿನ್ನುವುದೇ ಅಲ್ಲಿಯವರ ಪದ್ಧತಿ. ಜೊತೆಗೆ ಆಲೂಗಡ್ಡೆಯ ಸ್ಯಾಲಡ್, ಸಾಸಿವೆಯ ಝಳವುಳ್ಳ ಹಾರ್ಸ್‌ರ್ಯಾಡಿಷ್ ಬೇರಿನ ತುರಿ. ಈ ಬೇರಿಗೆ ಹೆಸರಾದ ಬೈಯರ್ಸ್‌ಡೋರ್ಫ್ ಎಂಬ ಊರು ಎರ್ಲಾಂಗೆನ್ ಮತ್ತು ಫೋರ್ಖ್‌ಹೈಮ್‌ಗಳ ನಡುವೆ ಇರುವುದರಿಂದ ಮೀನೂ ಬೇರೂ ನೆಲಮಾಳಿಗೆಯ ಬಿಯರೂ ಒಂದೇ ದಿನದ ಸುತ್ತಿನಲ್ಲಿ ಅಡಗುತ್ತವೆ.

ಪೂರ್ವಕ್ಕೆ ತಿರುಗಿದರೆ ಸುಣ್ಣಕಲ್ಲಿನ ಕೋಡುಗಳೂ ಗವಿಗಳೂ ತುಂಬಿದ, ಫ್ರಾಂಕೋನಿಯಾದ ಸ್ವಿಟ್ಜರ್ಲೆಂಡ್ ಎನ್ನಿಸಿಕೊಂಡ ಗುಡ್ಡನಾಡು. ಅಲ್ಲಿಯ ಔಫ್‌ಸೆಸ್ ಗ್ರಾಮಸಮೂಹದ ಒಟ್ಟು ಜನ ಸಾವಿರದ ಮುನ್ನೂರರ ಸುಮಾರು, ಬ್ರೂವರಿಗಳು ನಾಲ್ಕು. ತಲೆಗೆ ಇಷ್ಟೆಂದು ಲೆಕ್ಕ ಹಾಕಿ 2000ದಲ್ಲಿ ಗಿನ್ನೆಸ್ ದಾಖಲೆಯವರು ಇದನ್ನು ಜಗತ್ತಿನಲ್ಲೇ ಮೊದಲನೆಯದೆಂದು ಬರೆದುಕೊಂಡರು. ನಾಲ್ಕನ್ನೂ ಜೋಡಿಸುವ ಕಾಲುದಾರಿಯು ಹೊಲ, ಕಾಡು, ಕಣಿವೆಗಳನ್ನು ಹಾಯ್ದು ಹದಿನಾಲ್ಕು ಕಿಲೋಮೀಟರಿನಷ್ಟು ಸುತ್ತುತ್ತದೆ. ಇದನ್ನು ಕಾರಿನಲ್ಲಿ ಮಾಡುವುದು ಕಾನೂನಿಗೂ ವಿರೋಧ, ರುಚಿಗೂ ವಿರೋಧ. ನಡೆದವನಿಗೆ ಹಸಿವೂ ಬಾಯಾರಿಕೆಯೂ ನಿಜವಾಗಿ ಬರುತ್ತವೆ. ಗಂಟೆಗೊಂದು ಊರು ಬರುವಷ್ಟರಲ್ಲಿ ಹಿಂದಿನ ಲೋಟದ ಭಾರವೂ ಇಳಿದಿರುತ್ತದೆ. ಭಾನುವಾರವಾದರೆ ಹಂದಿಯ ಭುಜದ ಮಾಂಸವನ್ನು ಗಂಟೆಗಟ್ಟಲೆ ಸುಟ್ಟು, ತೊಗಲು ಚಟಚಟನೆ ಮುರಿಯುವಂತೆ ಮಾಡಿ, ಆಲೂಗಡ್ಡೆಯ ದುಂಡನೆಯ ಕಡುಬಿನೊಡನೆ ಬಡಿಸುವ ಷಾಯ್‌ಫೆರ್ಲಾ ಎಂಬ ಭಕ್ಷ್ಯ ದೊರೆಯುತ್ತದೆ. ತಡವಾಗಿ ಬಂದವರಿಗೆ ಅದು ಮುಗಿದುಹೋಗಿರುವುದೇ ಹೆಚ್ಚು.

ಅಲ್ಲಿಂದ ಮುಂದೆ ಹೋಗಲು ಇಚ್ಛೆಯುಳ್ಳವರು ಬಾಂಬೆರ್ಗಿನಿಂದ ನೂರಿಪ್ಪತ್ತು ಕಿಲೋಮೀಟರಿನಷ್ಟು ಪೂರ್ವಕ್ಕಿರುವ ವಿಂಡಿಷೆಷೆನ್‌ಬಾಖ್ ಎಂಬ ಊರಿಗೆ ಸಾಗಬಹುದು. ಈ ಸೀಮೆ ಫ್ರಾಂಕೋನಿಯಾದ ಎಲ್ಲೆಯ ಆಚೆ, ಪದ್ಧತಿಯೂ ಬೇರೆ. ಇಲ್ಲಿಯೂ ನೆರೆಯ ಕೆಲವು ಊರುಗಳಲ್ಲಿಯೂ ಬಿಯರ್ ಕಾಯಿಸುವ ಮನೆ ಊರಿಗೆಲ್ಲ ಒಂದೇ, ಸಾರ್ವಜನಿಕವಾದುದು. ಹಕ್ಕುಳ್ಳ ಕುಟುಂಬಗಳವರು ಸರದಿಯಂತೆ ಅಲ್ಲಿ ಸೌದೆ ಉರಿಸಿ ಕಾಯಿಸಿ, ಹುದುಗದ ರಸವನ್ನು ತಂತಮ್ಮ ಮನೆಗೆ ಸಾಗಿಸಿ, ತಮ್ಮ ನೆಲಮಾಳಿಗೆಯಲ್ಲಿಯೇ ಹುದುಗಿಸುತ್ತಾರೆ. ಹೀಗೆ ಒಂದೇ ಹಂಡೆಯಿಂದ ಹೊರಟ ರಸವು ಮನೆಮನೆಯಲ್ಲಿ ಬೇರೆ ಬೇರೆ ರುಚಿಯಾಗುತ್ತದೆ. ಇದರ ಹೆಸರು ತ್ಸೊಯಿಗಲ್. ಯಾವ ಮನೆಯಲ್ಲಿ ಬಿಯರು ಸಿದ್ಧವಾಗಿದೆಯೋ ಆ ಮನೆಯ ಮುಂದೆ ಆರು ಮೂಲೆಯ ನಕ್ಷತ್ರವೊಂದನ್ನು ತೂಗುಹಾಕುತ್ತಾರೆ. ಬಂದವರು ಆ ಕುಟುಂಬದ ಕೋಣೆಯಲ್ಲಿ ಕುಳಿತು ಕುಡಿದು, ಮನೆಯಲ್ಲಿಯೇ ಮಾಡಿದ ಸಾಸೇಜು, ಬ್ರೆಡ್ಡು, ಗಿಣ್ಣುಗಳನ್ನು ತಿಂದು ಹೋಗುತ್ತಾರೆ. ಜರ್ಮನಿಯು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ 2018ರಲ್ಲಿ ಇದನ್ನು ಸೇರಿಸಿಕೊಂಡಿತು. ಸರದಿ ಯಾರದು ಎಂಬ ವರ್ಷದ ಪಟ್ಟಿ ಮುಂಚಿತವಾಗಿ ಅಚ್ಚಾಗುತ್ತದೆ. ಅದನ್ನು ನೋಡದೆ ಹೋದವನಿಗೆ ಕದ ಹಾಕಿದ ಮನೆಗಳ ಸಾಲು ಕಂಡೀತು. ಕುಡಿಯದವರು ಅಷ್ಟರಲ್ಲಿ ಊರಿನ ಹೊರವಲಯದಲ್ಲಿ, ಭೂಗರ್ಭವನ್ನು ಅರಿಯಲೆಂದು ವಿಜ್ಞಾನಿಗಳು 9,101 ಮೀಟರ್ ಆಳಕ್ಕೆ ಕೊರೆದ ಬಾವಿಯ ಉಕ್ಕಿನ ಗೋಪುರವನ್ನು ನೋಡಿಬರಬಹುದು.

ಸರದಿಯ ಮಾತು ಬಂದದ್ದರಿಂದ ವಾರದ ದಿನಗಳ ವಿಚಾರವನ್ನೂ ಹೇಳಬೇಕು. ಕುಟುಂಬದವರೇ ನಡೆಸುವ ಮನೆಗಳಾದ್ದರಿಂದ ವಾರಕ್ಕೆ ಒಂದೋ ಎರಡೋ ದಿನ ಕಡ್ಡಾಯವಾಗಿ ರಜೆ; ಕೆಲವರಿಗೆ ಸೋಮವಾರ, ಕೆಲವರಿಗೆ ಮಂಗಳವಾರ, ಇನ್ನು ಕೆಲವರಿಗೆ ಬುಧವಾರ. ಮಧ್ಯಾಹ್ನ ಎರಡು ಗಂಟೆಗೆ ಒಲೆ ಆರಿದರೆ ಸಂಜೆಯವರೆಗೆ ಬಿಸಿ ಊಟವಿಲ್ಲ. ರಾತ್ರಿ ಎಂಟೂವರೆಯ ಮೇಲೆ ಮತ್ತೆ ಇಲ್ಲ. ಬಿಯರ್ ಕಾಯಿಸುವುದನ್ನು ಕಣ್ಣಾರೆ ಕಾಣಬೇಕೆಂಬವರು ಇನ್ನೊಂದನ್ನು ತಿಳಿದಿರಬೇಕು: ಸಣ್ಣ ಬ್ರೂವರಿಗಳಲ್ಲಿ ಹಂಡೆಯ ಕೆಳಗೆ ಬೆಂಕಿ ಹೊತ್ತುವುದು ವಾರಕ್ಕೆ ಒಂದೆರಡು ದಿನ ಮಾತ್ರ, ಅದೂ ನಸುಕಿನಲ್ಲಿ. ಮುಂಚಿತವಾಗಿ ಪತ್ರ ಬರೆದು ಕೇಳಿಕೊಂಡರೆ ಮನೆಯವರು ಸಂತೋಷದಿಂದ ತೋರಿಸುವುದುಂಟು. ಊಟದ ಗದ್ದಲದ ನಡುವೆ ಬಂದು ಕೇಳಿದರೆ ತೋರಿಸಲು ಅವರಿಗೆ ಕೈ ಬಿಡುವಿರುವುದಿಲ್ಲ. ಹಳ್ಳಿಗಳಲ್ಲಿ ನಗದು ಹಣ ಕಿಸೆಯಲ್ಲಿರಬೇಕು. ಕುಡಿದ ಲೋಟಗಳ ಲೆಕ್ಕವನ್ನು ಬಡಿಸುವಾಕೆಯು ಲೋಟದ ಕೆಳಗಣ ರಟ್ಟಿನ ಮೇಲೆ ಪೆನ್ಸಿಲಿನಿಂದ ಗೀಟೆಳೆದು ಇಡುತ್ತಾಳೆ. ಆ ರಟ್ಟೇ ರಸೀತಿ. ಪರಿಚಯವಿಲ್ಲದವರ ಮೇಜಿನಲ್ಲಿಯೂ ಅಪ್ಪಣೆ ಕೇಳಿ ಕೂರಬಹುದು. ಆದರೆ ದಿನವೂ ಬರುವ ಊರಿನ ಹಿರಿಯರಿಗೆಂದು ಫಲಕವಿಟ್ಟ ಒಂದು ಮೇಜು ಎಲ್ಲ ಕಡೆಯೂ ಇರುವುದು. ಅದು ಖಾಲಿಯಿದ್ದರೂ ಅಲ್ಲಿ ಕೂರತಕ್ಕದ್ದಲ್ಲ.

ಸಸ್ಯಾಹಾರಿಗಳಿಗೆ ಈ ನಾಡು ಸುಲಭವಲ್ಲವೆಂಬುದನ್ನು ಮರೆಮಾಚಬಾರದು. ಕಡುಬು ಆಲೂಗಡ್ಡೆಯದಾದರೂ ಅದರ ಮೇಲಣ ಸಾರು ಮಾಂಸದ್ದು. ಆಲೂಗಡ್ಡೆಯ ಸ್ಯಾಲಡ್ಡಿಗೆ ಕೂಡ ಹಲವೆಡೆ ಮಾಂಸದ ನೀರನ್ನು ಬೆರೆಸುತ್ತಾರೆ. ಆದರೂ ಉಪವಾಸ ಬೀಳಬೇಕಾದುದಿಲ್ಲ. ಮಾಗಿದ ಗಿಣ್ಣನ್ನು ಬೆಣ್ಣೆ, ಈರುಳ್ಳಿ, ಕೆಂಪು ಪುಡಿಗಳೊಡನೆ ಕಲಸಿ ಕಪ್ಪು ಬ್ರೆಡ್ಡಿನ ಮೇಲೆ ಹಚ್ಚಿ ತಿನ್ನುವ ತಿಂಡಿ ಎಲ್ಲ ನೆಲಮಾಳಿಗೆಗಳಲ್ಲಿಯೂ ಉಂಟು. ವಸಂತದಲ್ಲಿ ಆಸ್ಪರಾಗಸ್, ಬೇಸಗೆಯಲ್ಲಿ ಕಾಡಿನ ಅಣಬೆ, ಎಲ್ಲ ಕಾಲಕ್ಕೂ ಗಿಣ್ಣು ಬೆರೆಸಿದ ಹಿಟ್ಟಿನ ಎಳೆಗಳು. ಬುತ್ತಿ ತರಲು ಅಡ್ಡಿಯಿಲ್ಲದ ತೋಪುಗಳಲ್ಲಂತೂ ಚಿಂತೆಯೇ ಇಲ್ಲ.

ಎಲ್ಲಕ್ಕಿಂತ ಗುರುತರವಾದ ಪ್ರಶ್ನೆ ಕಾರನ್ನು ಯಾರು ನಡೆಸಬೇಕೆಂಬುದು. ಜರ್ಮನಿಯಲ್ಲಿ ರಕ್ತದ ಪ್ರತಿ ಲೀಟರಿಗೆ ಅರ್ಧ ಗ್ರಾಮ್ ಮದ್ಯಸಾರ ಎಂಬುದು ಚಾಲಕನಿಗೆ ವಿಧಿಸಿದ ಮಿತಿ. ಇಪ್ಪತ್ತೊಂದು ತುಂಬದವರಿಗೂ ಹೊಸ ಪರವಾನಗಿಯವರಿಗೂ ಅಷ್ಟೂ ಇಲ್ಲ. ಮೀರಿದವನಿಗೆ ಮೊದಲ ಸಲಕ್ಕೇ ಐನೂರು ಯೂರೋ ದಂಡ ಮತ್ತು ಒಂದು ತಿಂಗಳು ವಾಹನ ಮುಟ್ಟದಂತೆ ನಿಷೇಧ. ಮಿತಿಯ ಒಳಗಿದ್ದರೂ ಚಾಲನೆಯಲ್ಲಿ ತಪ್ಪು ಕಂಡುಬಂದರೆ ಶಿಕ್ಷೆ ತಪ್ಪದು. ನಮ್ಮ ದೇಶದ ಮಿತಿ ಇದಕ್ಕಿಂತಲೂ ಕಟ್ಟುನಿಟ್ಟು: ನೂರು ಮಿಲಿಲೀಟರ್ ರಕ್ತಕ್ಕೆ ಮೂವತ್ತು ಮಿಲಿಗ್ರಾಮ್. ಅರ್ಧ ಲೀಟರಿನ ಒಂದು ಲೋಟ ಬಿಯರಿನಲ್ಲಿ ಶೇಕಡಾ ಐದರಂತೆ ಇಪ್ಪತ್ತು ಗ್ರಾಮ್ ಮದ್ಯಸಾರವಿರುತ್ತದೆ. ಎಪ್ಪತ್ತು ಕಿಲೋ ತೂಕದ ಗಂಡಸಿನ ರಕ್ತದಲ್ಲಿ ಇದು ಲೀಟರಿಗೆ 0.4 ಗ್ರಾಮಿನಷ್ಟಾಗುತ್ತದೆ, ತೂಕ ಕಡಿಮೆಯಿದ್ದವರಲ್ಲಿ ಇನ್ನೂ ಹೆಚ್ಚು. ಎಂದರೆ ಒಂದೇ ಲೋಟವು ಜರ್ಮನಿಯ ಮಿತಿಯ ಹೊಸ್ತಿಲಿಗೆ ತಂದು ನಿಲ್ಲಿಸುತ್ತದೆ, ಎರಡನೆಯದು ದಾಟಿಸುತ್ತದೆ. ದೇಹವು ಇದನ್ನು ಕಳೆದುಕೊಳ್ಳುವ ವೇಗವೋ ಗಂಟೆಗೆ ಸುಮಾರು 0.15 ಗ್ರಾಮ್ ಮಾತ್ರ. ಕಾಫಿಯಾಗಲಿ ತಣ್ಣೀರ ಸ್ನಾನವಾಗಲಿ ಅದನ್ನು ಚುರುಕುಗೊಳಿಸದು. ರಾತ್ರಿ ಐದು ಲೋಟ ಮುಗಿಸಿದವನ ರಕ್ತವು ಪೂರ್ತಿ ತಿಳಿಯಾಗಲು ಹದಿಮೂರು ಗಂಟೆಗೂ ಹೆಚ್ಚು ಬೇಕು. ಆದುದರಿಂದ ಅಂಥವನು ಮರುದಿನದ ಬೆಳಗಿನ ತಿಂಡಿಯ ಹೊತ್ತಿಗೂ ಚಾಲಕನಾಗಲು ಅರ್ಹನಲ್ಲ.

ಇದರಿಂದ ತೇಲುವ ಯೋಜನೆ ಸರಳವಾದುದು. ಬ್ರೂವರಿಯ ಮಹಡಿಯ ಕೋಣೆಯನ್ನೇ ಬಾಡಿಗೆಗೆ ಹಿಡಿದು, ಕಾರನ್ನು ಅಂಗಳದಲ್ಲಿ ನಿಲ್ಲಿಸಿ, ಕೀಲಿಕೈಯನ್ನು ಮೇಲಿಟ್ಟು ಬಂದ ತರುವಾಯವೇ ಮೊದಲ ಲೋಟವನ್ನು ಕೇಳಬೇಕು. ಕಾರಿನ ಕೆಲಸ ಒಂದು ಬಿಡಾರದಿಂದ ಇನ್ನೊಂದು ಬಿಡಾರಕ್ಕೆ, ಮಧ್ಯಾಹ್ನದ ಹೊತ್ತಿನಲ್ಲಿ, ಮಿತವಾಗಿ ಕುಡಿದ ರಾತ್ರಿಯ ಮರುದಿನ. ಉಳಿದದ್ದೆಲ್ಲ ಕಾಲು, ರೈಲು, ಬಸ್ಸುಗಳ ಪಾಲು. ಬಾಂಬೆರ್ಗ್, ಫೋರ್ಖ್‌ಹೈಮ್, ಎರ್ಲಾಂಗೆನ್, ನ್ಯೂರೆಂಬೆರ್ಗ್‌ಗಳು ಒಂದೇ ರೈಲುಮಾರ್ಗದಲ್ಲಿವೆ. ಫೋರ್ಖ್‌ಹೈಮಿನಿಂದ ಗುಡ್ಡನಾಡಿನ ಹೆಬ್ಬಾಗಿಲಾದ ಎಬೆರ್ಮನ್‌ಷ್ಟಾಟಿಗೆ ಕವಲುಮಾರ್ಗವೂ, ಮೇ ತಿಂಗಳಿನಿಂದ ಶರತ್ಕಾಲದವರೆಗೆ ವಾರಾಂತ್ಯಗಳಲ್ಲಿ ಅಲ್ಲಿಂದ ಹಳ್ಳಿಗಳಿಗೆ ವಿಹಾರದ ಬಸ್ಸುಗಳೂ ಉಂಟು.

ಈ ಸೀಮೆ ಕನ್ನಡಿಗರಿಗೆ ತೀರ ಅಪರಿಚಿತವೂ ಅಲ್ಲ. 1951ರಲ್ಲಿ ಆರಂಭವಾಗಿ ಬೆಂಗಳೂರಿನ ಬಡಾವಣೆಯೊಂದಕ್ಕೇ ತನ್ನ ಹೆಸರನ್ನು ಕೊಟ್ಟ ಮೈಕೋ ಸಂಸ್ಥೆಯ ಒಡೆತನವುಳ್ಳ ಬಾಷ್ ಕಂಪೆನಿಗೆ ಬಾಂಬೆರ್ಗಿನಲ್ಲಿ ದೊಡ್ಡ ಕಾರ್ಖಾನೆಯುಂಟು. ಎರ್ಲಾಂಗೆನ್ನಿನ ಸೀಮೆನ್ಸ್ ಸಂಸ್ಥೆಗೂ ಬೆಂಗಳೂರಿಗೂ ನಡುವೆ ಎಂಜಿನಿಯರುಗಳ ಹೋಗಿಬರುವಿಕೆ ನಡೆದೇ ಇದೆ. ಕೆಲಸದ ಮೇಲೆ ಹೋದವರಿಗೆ ಈ ಪ್ರವಾಸಕ್ಕೆ ಒಂದು ಶನಿವಾರವೂ ಒಂದು ರೈಲುಚೀಟಿಯೂ ಸಾಕು.

ಸಣ್ಣ ಬ್ರೂವರಿಗಳು ಶಾಶ್ವತವಲ್ಲ. ಮಕ್ಕಳು ನಗರದ ಉದ್ಯೋಗಕ್ಕೆ ಹೋಗಿ, ನಡೆಸುವವರಿಲ್ಲದೆ ಬಾಗಿಲು ಹಾಕಿದ ಮನೆಗಳು ಫ್ರಾಂಕೋನಿಯಾದಲ್ಲಿ ಸಾಕಷ್ಟಿವೆ. ಉಳಿದವು ಉಳಿದಿರುವುದು ನೆರೆಯವರು ವಾರವಾರವೂ ಬಂದು ಕುಳಿತು ಉಣ್ಣುವುದರಿಂದ. ದಿನಕ್ಕೆ ಆರು ಬ್ರೂವರಿಗಳ ಹೆಸರಿನ ಮುಂದೆ ಗುರುತು ಹಾಕಿ, ಒಂದೊಂದರಲ್ಲಿ ಎರಡು ಗುಟುಕು ಕುಡಿದು, ಫೋಟೋ ತೆಗೆದುಕೊಂಡು ಹೊರಡುವ ಯಾತ್ರಿಕನಿಂದ ಆ ಮನೆಗೂ ಪ್ರಯೋಜನವಿಲ್ಲ, ಅವನಿಗೂ ಆ ಬಿಯರಿನ ಅರಿವಾಗದು. ಒಂದು ಊರಿಗೆ ಒಂದು ಸಂಜೆಯನ್ನೂ ಒಂದು ಪೂರ್ತಿ ಊಟವನ್ನೂ ಕೊಡುವುದು ಕನಿಷ್ಠ ಮರ್ಯಾದೆ. ಮೊದಲು ಋತು, ಆಮೇಲೆ ವಾರ, ಆಮೇಲೆ ಹಾಸಿಗೆ, ಕಡೆಗೆ ರಸ್ತೆ: ಈ ಕ್ರಮ ಫ್ರಾಂಕೋನಿಯಾಕ್ಕೆ ಮಾತ್ರವಲ್ಲ, ಬೆಲ್ಜಿಯಮ್ಮಿನ ಮಠಗಳಿಗಾಗಲಿ ಅಮೆರಿಕದ ಓರೆಗನ್ನಿಗಾಗಲಿ, ಬಿಯರೂ ಊಟವೂ ಒಂದೇ ನೆಲದಿಂದ ಬರುವ ಯಾವ ಸೀಮೆಗಾಗಲಿ ಸಲ್ಲುತ್ತದೆ. ಈ ಕ್ರಮದಲ್ಲಿ ಹಾಕಿದ ಯೋಜನೆಯಲ್ಲಿ ಊರುಗಳ ಸಂಖ್ಯೆ ನಿಶ್ಚಯವಾಗಿಯೂ ಇಳಿಯುತ್ತದೆ. ಬಿಟ್ಟುಹೋದ ಊರುಗಳಿಗಾಗಿ ಇನ್ನೊಂದು ಋತುವಿನಲ್ಲಿ ಇನ್ನೊಮ್ಮೆ ಹೋಗಬೇಕಾಗುತ್ತದೆ. ಅದಕ್ಕೆ ಯಾರೂ ವಿಷಾದಪಡಬೇಕಾಗಿಲ್ಲ.